ನಿಮಗಿದು ಗೊತ್ತೇ? ಅಮೆರಿಕದ ಹುರಿಯಾಳೂ ಮೊಟ್ಟೆಯ ಬೆಲೆಯೂ

ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮತ್ತೆ ಮತ ಕೇಳಲು ಹೊರಡಬೇಕು. ಈಚಿನ ವರ್ಷಗಳಲ್ಲಿ ಯಾವ ಹುರಿಯಾಳಿನ ಕರಪತ್ರ ಬಿಡಿಸಿದರೂ ಬಾಡಿಗೆ, ದಿನಸಿ, ಔಷಧ, ಮಗು ನೋಡಿಕೊಳ್ಳುವ ಖರ್ಚು ಇವೇ ಮುಂದೆ ಬರುತ್ತವೆ. ಬೆಲೆ ಇಳಿಸುತ್ತೇನೆ ಎನ್ನದವರೇ ಇಲ್ಲ. ಇಳಿಸುವ ಅಧಿಕಾರ ಅವರಿಗೆ ಎಷ್ಟಿದೆ ಎಂಬುದು ಬೇರೆ ಮಾತು. ಹುಡುಕುತ್ತ ಹೋದರೆ ಸಿಗುವ ಸಂಗತಿಗಳು ಸ್ವಾರಸ್ಯವಾಗಿವೆ.

★ ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಈ ದರ ಜಾರಿಗೆ ಬಂದದ್ದು 2009ರ ಜುಲೈನಲ್ಲಿ. ಅಂದಿನಿಂದ ಒಂದು ಸೆಂಟ್ ಕೂಡ ಏರಿಲ್ಲ. ಕನಿಷ್ಠ ಕೂಲಿಯ ಕಾನೂನು ಹುಟ್ಟಿದ್ದು 1938ರಲ್ಲಿ, ಆಗ ಗಂಟೆಗೆ 25 ಸೆಂಟ್. ಅಲ್ಲಿಂದ ಇಲ್ಲಿಯವರೆಗೆ ಇಷ್ಟು ದೀರ್ಘಕಾಲ ದರ ನಿಂತಲ್ಲೇ ನಿಂತದ್ದು ಇದೇ ಮೊದಲು. ಈ ನಡುವೆ ಬೆಲೆಗಳು ಏರಿದ ಲೆಕ್ಕ ಹಿಡಿದರೆ ಆ ಹಣದ ಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕರಗಿದೆ.

ತಮಾಷೆಯೆಂದರೆ ಈ 7.25 ಒಂದು ಚುನಾವಣಾ ಭರವಸೆ ಈಡೇರಿದ್ದರ ಫಲ. 2006ರಲ್ಲಿ ಡೆಮಾಕ್ರಟಿಕ್ ಹುರಿಯಾಳುಗಳು ದೇಶದುದ್ದಕ್ಕೂ ಆರು ಅಂಶಗಳ ಒಂದೇ ಕಾರ್ಯಸೂಚಿ ಹಿಡಿದು ಹೋದರು. ಕೂಲಿ ಏರಿಕೆ ಅದರಲ್ಲೊಂದು. ಗೆದ್ದರು. 2007ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿಯೂ ಬಿತ್ತು. ಅದೂ ಯುದ್ಧದ ಖರ್ಚಿನ ಮಸೂದೆಯ ಬೆನ್ನಿಗೆ ಅಂಟಿಸಿ ಪಾಸು ಮಾಡಿಸಿಕೊಂಡದ್ದು. 5.85, 6.55, ಆಮೇಲೆ 7.25 ಎಂದು ಮೂರು ಮೆಟ್ಟಿಲು. ನಾಲ್ಕನೇ ಮೆಟ್ಟಿಲನ್ನು ಯಾರೂ ಕಟ್ಟಲಿಲ್ಲ, ಬೆಲೆ ಏರಿದಂತೆ ತಾನಾಗಿ ಏರಲಿ ಎಂಬ ಒಂದು ಸಾಲನ್ನೂ ಬರೆಯಲಿಲ್ಲ.

★ 15 ಡಾಲರಿಗೆ ಏರಿಸುವ ಮಸೂದೆಯನ್ನು ಪ್ರತಿನಿಧಿ ಸಭೆ 2019ರಲ್ಲಿ 231–199 ಮತಗಳಿಂದ ಒಪ್ಪಿತು. ಮೇಲ್ಮನೆಯಾದ ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. 2021ರಲ್ಲಿ ಕೋವಿಡ್ ಪರಿಹಾರದ ಮಸೂದೆಯೊಳಗೆ ಸೇರಿಸಲು ಹೊರಟಾಗ, ಇದು ನಿಯಮಕ್ಕೆ ಹೊಂದದು ಎಂದು ಸೆನೆಟ್ಟಿನ ಕಲಾಪ ನಿಯಮಗಳ ಅಧಿಕಾರಿ ತೀರ್ಪು ಕೊಟ್ಟರು. ಆಕೆ ಚುನಾಯಿತರಲ್ಲ, ನೇಮಕಗೊಂಡ ಅಧಿಕಾರಿ. ಆದರೂ ಮತಕ್ಕೆ ಹಾಕಿ ನೋಡಿದರು: 42 ಪರ, 58 ವಿರೋಧ. ಮಸೂದೆ ಬಯಸಿದ ಪಕ್ಷದ ಕಡೆಯವರೇ ಎಂಟು ಮಂದಿ ವಿರೋಧಿಸಿದ್ದರು.

★ ಹೋಟೆಲ್ ಸಪ್ಲೈಯರಂಥ ಟಿಪ್ಸ್ ಸಿಗುವ ಕೆಲಸಗಾರರಿಗೆ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. ಇದು 1991ರ ದರ! ಟಿಪ್ಸ್ ಸೇರಿಸಿದರೂ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. 2025ರ ತೆರಿಗೆ ಕಾನೂನು ಈ ದರವನ್ನು ಏರಿಸಲಿಲ್ಲ. ಬದಲಿಗೆ ವರ್ಷಕ್ಕೆ 25,000 ಡಾಲರ್ ತನಕದ ಟಿಪ್ಸನ್ನು ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು ಬಿಟ್ಟಿತು. ಅದೂ 2028ರವರೆಗೆ ಮಾತ್ರ. ಮೊದಲೇ ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಸಪ್ಲೈಯರಿಗೆ ಇದರಿಂದ ಸಿಕ್ಕಿದ್ದೇನೂ ಇಲ್ಲ.

★ ಇನ್ನು ಸಂಸದರ ಸಂಬಳ. ವರ್ಷಕ್ಕೆ 1,74,000 ಡಾಲರ್. ಇದೂ 2009ರಲ್ಲೇ ನಿಂತಿದೆ! ಕೂಲಿಯೂ ಸಂಸದರ ಸಂಬಳವೂ ಒಂದೇ ವರ್ಷ ಹೆಪ್ಪುಗಟ್ಟಿದವು. ಕಾರಣ ಮಾತ್ರ ಬೇರೆ ಬೇರೆ. ಸಂಸದರ ಸಂಬಳ ಏರಬೇಕೆಂದು ಕಾನೂನಿನಲ್ಲೇ ಇದೆ, ಆದರೆ ಮತದಾರ ಸಿಟ್ಟಾಗುತ್ತಾನೆಂದು ಅವರೇ ಪ್ರತಿವರ್ಷ ತಡೆಹಿಡಿಯುತ್ತಾರೆ.

★ 2018ರಲ್ಲಿ ಗೆದ್ದ ನ್ಯೂಯಾರ್ಕಿನ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್, ಸಂಬಳ ಶುರುವಾಗುವ ತನಕ ವಾಷಿಂಗ್ಟನ್ನಿನಲ್ಲಿ ಬಾಡಿಗೆ ಮನೆ ಹಿಡಿಯಲು ತಮ್ಮ ಕೈಲಾಗದು ಎಂದಿದ್ದರು. 2022ರಲ್ಲಿ 25ನೇ ವಯಸ್ಸಿಗೆ ಗೆದ್ದ ಫ್ಲಾರಿಡಾದ ಮ್ಯಾಕ್ಸ್‌ವೆಲ್ ಫ್ರಾಸ್ಟ್ ಅರ್ಜಿ ಹಾಕಿದ ಮನೆಯೇ ಸಿಗಲಿಲ್ಲ. ಪ್ರಚಾರದ ಸಾಲದಿಂದ ಅವರ ಕ್ರೆಡಿಟ್ ಅಂಕ ಕುಸಿದಿತ್ತು. ಬಾಡಿಗೆ ಉಳಿಸಲು ಕಚೇರಿಯಲ್ಲೇ ಮಂಚ ಹಾಕಿ ಮಲಗುವ ಸಂಸದರು ಎರಡೂ ಪಕ್ಷಗಳಲ್ಲಿದ್ದಾರೆ. ಬಾಡಿಗೆಯ ಬಗ್ಗೆ ಭಾಷಣ ಮಾಡಲು ಇದಕ್ಕಿಂತ ಅರ್ಹತೆ ಬೇಕೇ?

★ ಚುನಾವಣೆಗೆ ನಿಲ್ಲುವುದೇ ಒಂದು ಖರ್ಚು. 2018ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಸ್ಪರ್ಧಿಸಿದ ಲ್ಯೂಬಾ ಗ್ರೆಚೆನ್ ಶರ್ಲಿ ಎಂಬ ಎಳೆ ಮಕ್ಕಳ ತಾಯಿ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಪ್ರಚಾರ ನಿಧಿಯಿಂದ ಸಂಬಳ ಕೊಡಬಹುದೇ ಎಂದು ಫೆಡರಲ್ ಚುನಾವಣಾ ಆಯೋಗವನ್ನು ಕೇಳಿದರು. ಆಯೋಗ ಒಮ್ಮತದಿಂದ ಹೂಂ ಎಂದಿತು. ಆಕೆ ಚುನಾವಣೆಯಲ್ಲಿ ಸೋತರು. ಆದರೆ ಅವರು ತೆರೆದ ದಾರಿಯಲ್ಲಿ ಆಮೇಲೆ ಎಷ್ಟೋ ತಾಯಂದಿರೂ ತಂದೆಯರೂ ನಡೆದರು. ಗೆದ್ದ ಅನೇಕರ ಹೆಸರು ಯಾರಿಗೂ ನೆನಪಿಲ್ಲ, ಈ ಸೋಲು ನಿಯಮವಾಗಿ ಉಳಿದಿದೆ. 2024ರ ಮಾರ್ಚ್‌ನಿಂದ ಹುರಿಯಾಳುಗಳು ಪ್ರಚಾರ ನಿಧಿಯಿಂದ ತಮಗೇ ಒಂದು ಮಿತಿಯೊಳಗೆ ಸಂಬಳ ತೆಗೆದುಕೊಳ್ಳುವುದೂ ಸುಲಭವಾಗಿದೆ. ಸಂಸದರ ಸಂಬಳದ ಅರ್ಧ ಅದರ ಗರಿಷ್ಠ.

★ ಮಕ್ಕಳ ಪಾಲನೆಗೆಂದು ಉದ್ಯೋಗಿಗಳು ತೆರಿಗೆಯಿಲ್ಲದೆ ಎತ್ತಿಡಬಹುದಾದ ಹಣದ ಮಿತಿ 1986ರಲ್ಲಿ 5,000 ಡಾಲರ್. ಅದು 7,500 ಆದದ್ದು 2026ಕ್ಕೆ. ಮೊದಲು ಆ ಸೌಲಭ್ಯ ಪಡೆದ ಮಗುವಿಗೇ ಈಗ ಮಕ್ಕಳಿರಬೇಕು.

★ ಬೆಲೆ ಏರಿಕೆಯಿಂದ ಚುನಾವಣೆ ತಲೆಕೆಳಗಾಗುವುದು ಹೊಸದೇನಲ್ಲ. 1890ರ ಅಕ್ಟೋಬರಿನಲ್ಲಿ ಆಮದು ಸುಂಕ ಏರಿಸುವ ಕಾನೂನು ಜಾರಿಯಾಯಿತು. ಅದನ್ನು ರೂಪಿಸಿದವರು ಒಹಾಯೊದ ಸಂಸದ ವಿಲಿಯಂ ಮೆಕಿನ್ಲಿ. ನವೆಂಬರಿನಲ್ಲಿ ಮತದಾನ. ವಿರೋಧಿ ಕಡೆಯವರು ತಳ್ಳುಗಾಡಿ ವ್ಯಾಪಾರಿಗಳನ್ನು ಗೊತ್ತುಮಾಡಿ, ತಗಡಿನ ಪಾತ್ರೆಗಳಿಗೆ ದುಪ್ಪಟ್ಟು ಬೆಲೆ ಹೇಳಿಸಿ, ‘ಏನ್ಮಾಡೋದಮ್ಮ, ಎಲ್ಲ ಆ ಮೆಕಿನ್ಲಿ ಸುಂಕದಿಂದ’ ಎಂಬರ್ಥದ ಮಾತು ಮನೆಮನೆಗೆ ಮುಟ್ಟಿಸಿದರೆಂದು ಕತೆಯಿದೆ. ಪ್ರತಿನಿಧಿ ಸಭೆಯಲ್ಲಿ ಮೆಕಿನ್ಲಿಯ ರಿಪಬ್ಲಿಕನ್ ಪಕ್ಷದ ಬಲ ಸುಮಾರು ಅರ್ಧಕ್ಕಿಳಿಯಿತು. ಮೆಕಿನ್ಲಿಯೇ ಸೋತರು. ಆರು ವರ್ಷಗಳ ನಂತರ ಅದೇ ಮನುಷ್ಯ ಅಧ್ಯಕ್ಷರಾಗಿ ಗೆದ್ದರು!

★ 1946ರದ್ದು ಮಾಂಸದ ಚುನಾವಣೆ. ಯುದ್ಧಕಾಲದ ಬೆಲೆ ನಿಯಂತ್ರಣ ತೆಗೆಯುವುದೋ ಇಡುವುದೋ ಎಂಬ ಗೊಂದಲದಲ್ಲಿ ರೈತರು ದನಗಳನ್ನು ಮಾರುಕಟ್ಟೆಗೆ ಬಿಡಲಿಲ್ಲ, ಕಸಾಯಿ ಅಂಗಡಿಗಳು ಬರಿದಾದವು. ಅಧ್ಯಕ್ಷ ಟ್ರೂಮನ್ ಅಕ್ಟೋಬರ್ 14ರಂದು ನಿಯಂತ್ರಣ ತೆಗೆದರು. ಮಾಂಸ ಬಂತು, ಬೆಲೆ ಗಗನಕ್ಕೇರಿತು. ‘ಸಾಕಾಯಿತೇ?’ ಎಂಬುದಷ್ಟೇ ರಿಪಬ್ಲಿಕನ್ನರ ಘೋಷಣೆ. ಕೆಳಮನೆಯಲ್ಲಿ 55 ಸ್ಥಾನ ಹೆಚ್ಚು ಗೆದ್ದು ಎರಡೂ ಸದನಗಳನ್ನು ಹಿಡಿದರು. ಆ ಚುನಾವಣೆಯಲ್ಲಿ ಮೊದಲ ಸಲ ಪ್ರತಿನಿಧಿ ಸಭೆಗೆ ಬಂದ ಇಬ್ಬರು ಯುವಕರು: ಜಾನ್ ಕೆನಡಿ, ರಿಚರ್ಡ್ ನಿಕ್ಸನ್.

★ ಅದೇ ನಿಕ್ಸನ್ ಅಧ್ಯಕ್ಷರಾದ ಮೇಲೆ 1971ರ ಆಗಸ್ಟ್ 15ರಂದು ಇಡೀ ದೇಶದ ಬೆಲೆ, ಕೂಲಿ, ಬಾಡಿಗೆಗಳನ್ನು 90 ದಿನ ಅಲ್ಲಾಡದಂತೆ ನಿಲ್ಲಿಸಿಬಿಟ್ಟರು. ಆ ಅಧಿಕಾರವನ್ನು ಅವರ ಕೈಗಿತ್ತದ್ದು ಕಾಂಗ್ರೆಸ್ಸೇ. ಬಳಸಲಾರರು ಎಂದುಕೊಂಡು ಕೊಟ್ಟದ್ದು.

★ ಮುಂದಿನ ಅಧ್ಯಕ್ಷ ಫೋರ್ಡ್ ಬೆಲೆ ಏರಿಕೆಯನ್ನು ಬಿಲ್ಲೆಯಿಂದ ಓಡಿಸಲು ಹೊರಟರು. 1974ರ ಅಕ್ಟೋಬರಿನಲ್ಲಿ, ‘ಹಣದುಬ್ಬರ ಈಗಲೇ ಸದೆಬಡಿಯಿರಿ’ ಎಂಬ ಘೋಷಣೆಯ ಮೊದಲಕ್ಷರಗಳನ್ನು ಅಚ್ಚುಹಾಕಿದ ಬಿಲ್ಲೆಯನ್ನು ಕೋಟಿಗೆ ಸಿಕ್ಕಿಸಿಕೊಂಡು ಸಂಸತ್ತಿನಲ್ಲಿ ಭಾಷಣ ಮಾಡಿದರು. ಮುಂದಿನ ತಿಂಗಳೇ ಅವರ ಪಕ್ಷ ಕೆಳಮನೆಯಲ್ಲಿ ಸುಮಾರು 50 ಸ್ಥಾನ ಕಳೆದುಕೊಂಡಿತು. ನಿಕ್ಸನ್ನರ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣದ ಪಾಲು ಅದರಲ್ಲಿ ದೊಡ್ಡದು, ನಿಜ. ಬಿಲ್ಲೆಯಿಂದ ಒಳ್ಳೆಯದಂತೂ ಆಗಲಿಲ್ಲ.

★ ‘ಪ್ರತಿ ಪಾತ್ರೆಯಲ್ಲೂ ಕೋಳಿ’ ಎಂಬ ಭರವಸೆ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಅವರದೆಂದು ಅಮೆರಿಕನ್ನರೇ ನಂಬಿದ್ದಾರೆ. ಅವರು ಹಾಗೆ ಹೇಳಿರಲಿಲ್ಲ. 1928ರ ಚುನಾವಣೆಯಲ್ಲಿ ಅವರ ಬೆಂಬಲಿಗರು ಕೊಟ್ಟ ಪತ್ರಿಕಾ ಜಾಹೀರಾತು ಅದು.

★ ಪೆಟ್ರೋಲಿನ ಮೇಲೆ ಕೇಂದ್ರದ ತೆರಿಗೆ ಒಂದು ಗ್ಯಾಲನ್‌ಗೆ, ಅಂದರೆ ಸುಮಾರು 3.8 ಲೀಟರಿಗೆ, 18.4 ಸೆಂಟ್. 1993ರಿಂದ ಬದಲಾಗಿಲ್ಲ. ಬೆಲೆ ಏರಿದಾಗಲೆಲ್ಲ ಇದಕ್ಕೆ ಕೆಲವು ತಿಂಗಳು ರಜೆ ಕೊಡೋಣ ಎಂಬ ಭರವಸೆ ಹುಟ್ಟುತ್ತದೆ. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ಜಾನ್ ಮೆಕೇನ್, ಹಿಲರಿ ಕ್ಲಿಂಟನ್ ಇಬ್ಬರೂ ಹೇಳಿದರು. ಒಬಾಮ ಬೇಡವೆಂದರು. 2022ರ ಜೂನ್‌ನಲ್ಲಿ ದೇಶದ ಸರಾಸರಿ ದರ ಮೊದಲ ಬಾರಿ 5 ಡಾಲರ್ ದಾಟಿದಾಗ ಅಧ್ಯಕ್ಷ ಬೈಡನ್ ಮೂರು ತಿಂಗಳ ರಜೆ ಕೇಳಿದರು. ಅವರ ಪಕ್ಷದ್ದೇ ಬಹುಮತವಿದ್ದ ಕಾಂಗ್ರೆಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಹೆದ್ದಾರಿ ನಿಧಿ ತುಂಬುವುದೇ ಈ ತೆರಿಗೆಯಿಂದ. 18 ಸೆಂಟ್ ಬಿಟ್ಟುಕೊಟ್ಟರೂ ಅದರಲ್ಲಿ ಬಂಕ್ ತಲುಪುವುದೆಷ್ಟು, ಕಂಪನಿಯ ಜೇಬಿಗೆ ಇಳಿಯುವುದೆಷ್ಟು ಎಂಬ ಅನುಮಾನ ಬೇರೆ.

★ 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1. 1981ರ ನಂತರ ಅದೇ ಅತಿ ಹೆಚ್ಚು. ಅದೇ ವರ್ಷದ ಆಗಸ್ಟ್‌ನಲ್ಲಿ ‘ಹಣದುಬ್ಬರ ಇಳಿಕೆ ಕಾಯ್ದೆ’ ಬಂತು. ಅದರಿಂದ ಹಣದುಬ್ಬರದ ಮೇಲೆ ಆ ವರ್ಷ, ಮುಂದಿನ ವರ್ಷ ಹೇಳಿಕೊಳ್ಳುವ ಪರಿಣಾಮವೇನೂ ಆಗದು ಎಂದು ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಮೊದಲೇ ಅಂದಾಜು ಕೊಟ್ಟಿತ್ತು.

ಆದರೂ ಆ ಕಾಯ್ದೆಯೊಳಗೆ ಒಂದು ಗಟ್ಟಿ ಕಾಳಿದೆ: ಇನ್ಸುಲಿನ್. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಇರುವವರಿಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ. ಖಾಸಗಿ ವಿಮೆಯವರಿಗೂ ಇದೇ ಮಿತಿ ತರಲು ಹೊರಟಾಗ ಸೆನೆಟ್ಟಿನಲ್ಲಿ 57 ಪರ, 43 ವಿರೋಧ. ಬಹುಮತ ಬಂದರೂ ಬಿದ್ದುಹೋಯಿತು, ಬೇಕಿದ್ದದ್ದು 60! ಈ ಔಷಧವನ್ನು 1921ರಲ್ಲಿ ಕಂಡುಹಿಡಿದವರು ಅದರ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟಿದ್ದರು.

★ ಬಡವರು ಯಾರು ಎಂದು ಅಮೆರಿಕ ಲೆಕ್ಕ ಹಾಕುವ ರೀತಿ ಕೇಳಿ. 1960ರ ದಶಕದ ಮೊದಲ ಭಾಗದಲ್ಲಿ ಮಾಲಿ ಆರ್ಶಾನ್‌ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ ಒಂದು ಸೂತ್ರ ಮಾಡಿದರು. ಒಂದು ಕುಟುಂಬ ಅತಿ ಮಿತವ್ಯಯದಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಎಷ್ಟು ಬೇಕೋ ಅದನ್ನು ಮೂರರಿಂದ ಗುಣಿಸಿದರೆ ಬಡತನದ ಗೆರೆ. ಮೂರೇ ಏಕೆ? 1955ರ ಸಮೀಕ್ಷೆಯಲ್ಲಿ ಕುಟುಂಬಗಳು ಆದಾಯದ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತಿದ್ದವು. ಈಗ ಊಟದ ಪಾಲು ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಬಾಡಿಗೆ, ಆಸ್ಪತ್ರೆ, ಮಕ್ಕಳ ಪಾಲನೆಯ ಪಾಲು ಉಬ್ಬಿದೆ. ಅಧಿಕೃತ ಗೆರೆ ಮಾತ್ರ ಅದೇ ಹಳೆಯ ಲೆಕ್ಕ, ಪ್ರತಿವರ್ಷ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಮೇಲೆ ಸರಿಸಿದ್ದು ಅಷ್ಟೆ. ಯಾರಿಗೆ ಸರ್ಕಾರಿ ನೆರವು, ಯಾರಿಗಿಲ್ಲ ಎಂಬ ಎಷ್ಟೋ ತೀರ್ಮಾನಗಳು ಈ ಗೆರೆಯನ್ನೇ ಹಿಡಿದು ಆಗುತ್ತವೆ. ಗೆರೆ ಸರಿಪಡಿಸುತ್ತೇನೆಂದು ಮತ ಕೇಳಿದ ಹುರಿಯಾಳು ನನ್ನ ಕಣ್ಣಿಗೆ ಬಿದ್ದಿಲ್ಲ. ಸರಿಪಡಿಸಿದ ಮರುದಿನ ಬಡವರ ಸಂಖ್ಯೆ ಏರಿಬಿಡುತ್ತದಲ್ಲ!

★ 1940ರಲ್ಲಿ ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಯೋಜನೆಯ ಮೊದಲ ಮಾಸಿಕ ಪಿಂಚಣಿ ಪಡೆದವರು ವರ್ಮಾಂಟ್ ರಾಜ್ಯದ ಐಡಾ ಮೇ ಫುಲರ್. ಮೊತ್ತ 22 ಡಾಲರ್ 54 ಸೆಂಟ್. ಯುದ್ಧ ಬಂದು ಹೋಯಿತು, ಬೆಲೆಗಳು ಏರಿದವು, ಚೆಕ್ ಮಾತ್ರ ಹತ್ತು ವರ್ಷ ಅಷ್ಟೇ. 1950ರಲ್ಲಿ ಕಾಂಗ್ರೆಸ್ ಒಮ್ಮೆಲೇ ಏರಿಸಿತು. ಆಮೇಲೆ ಪ್ರತಿ ಏರಿಕೆಯೂ ಸಂಸದರ ಕೃಪೆ. ಅದು ಚುನಾವಣೆ ಹತ್ತಿರವಿದ್ದಾಗ ಚೆನ್ನಾಗಿ ಹರಿಯುತ್ತಿತ್ತು. ತುಟ್ಟಿಭತ್ಯೆಯ ಹಾಗೆ ಬೆಲೆಗೆ ತಕ್ಕಂತೆ ತಾನಾಗಿ ಏರುವ ವ್ಯವಸ್ಥೆ ಜಾರಿಯಾದದ್ದು 1975ರಲ್ಲಿ. ಅದೇ ವರ್ಷದ ಜನವರಿಯಲ್ಲಿ ನೂರು ದಾಟಿದ್ದ ಐಡಾ ತೀರಿಕೊಂಡಿದ್ದರು. 2023ರಲ್ಲಿ ಈ ಏರಿಕೆ ಶೇ 8.7. ಒಬ್ಬ ಸಂಸದನೂ ಕೈ ಎತ್ತಬೇಕಾಗಲಿಲ್ಲ.

★ ಆದಾಯ ತೆರಿಗೆಯ ಹಂತಗಳೂ 1985ರಿಂದ ಹೀಗೆಯೇ ಬೆಲೆಯೊಂದಿಗೆ ಸರಿಯುತ್ತವೆ. ಅಂಗವಿಕಲ ಬಡವರಿಗೆ ಸಿಗುವ ಮಾಸಿಕ ನೆರವಿಗೆ ಮಾತ್ರ ಇನ್ನೊಂದು ನ್ಯಾಯ: ಒಂಟಿ ವ್ಯಕ್ತಿಯ ಉಳಿತಾಯ 2,000 ಡಾಲರ್ ದಾಟಿದರೆ ನೆರವು ನಿಲ್ಲುತ್ತದೆ. ಈ ಮಿತಿ 1989ರದ್ದು.

★ ಆದಾಯದ ಶೇ 30ಕ್ಕಿಂತ ಹೆಚ್ಚು ಬಾಡಿಗೆಗೆ ಹೋದರೆ ಭಾರ ಎಂಬ ಅಳತೆ ಎಲ್ಲಿಂದ ಬಂತು? 1969ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್ ಸರ್ಕಾರಿ ವಸತಿಗಳ ಬಾಡಿಗೆಗೆ ಆದಾಯದ ಶೇ 25ರ ಮಿತಿ ಹಾಕಿಸಿದರು. 1981ರಲ್ಲಿ ಖರ್ಚು ಉಳಿಸಲು ಅದನ್ನು 30 ಮಾಡಿದರು. ಇಂದು ಬ್ಯಾಂಕುಗಳಿಂದ ಹಿಡಿದು ಪತ್ರಿಕೆಗಳ ತನಕ ಎಲ್ಲರೂ ಶಾಸ್ತ್ರವೆಂಬಂತೆ ಹೇಳುವುದು ಈ ಬಜೆಟ್ ಕತ್ತರಿಯ ಅಂಕಿಯನ್ನೇ.

★ ಬಾಡಿಗೆ ನಿಯಂತ್ರಣ ರಾಜ್ಯ, ನಗರಗಳ ವಿಷಯ. ಎಲ್ಲಿ ಎಷ್ಟು ಮಹಡಿ ಕಟ್ಟಬಹುದು ಎಂಬುದೂ ಊರಿನ ಆಡಳಿತದ್ದು. 2025ರಲ್ಲಿ ಬಾಡಿಗೆ ಏರಲು ಬಿಡುವುದಿಲ್ಲ ಎಂದು ಹೇಳಿ ಗೆದ್ದ ಜೊಹ್ರಾನ್ ಮಮ್ದಾನಿ ನಿಂತದ್ದು ನ್ಯೂಯಾರ್ಕಿನ ಮೇಯರ್ ಸ್ಥಾನಕ್ಕೆ, ಕಾಂಗ್ರೆಸ್ಸಿಗಲ್ಲ. ಕಾಂಗ್ರೆಸ್ಸಿನ ಕೈಯಲ್ಲಿರುವುದು ಹಣ. ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ಸಿಗುತ್ತಿದೆ. ಸರ್ಕಾರಿ ವಸತಿಗಳ ಸಂಖ್ಯೆ 1999ರಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಕೂಡದು ಎಂಬ ಕಾನೂನು ಬೇರೆ ಇದೆ. ಮಾಡಿದ್ದು ಕಾಂಗ್ರೆಸ್ಸೇ.

★ ಸಕ್ಕರೆಯ ಬೆಲೆ ಇಳಿಸುವುದು ಮಾತ್ರ ಪೂರ್ತಿ ಅವರ ಕೈಯಲ್ಲಿದೆ. ಆಮದಿಗೆ ಮಿತಿ ಹಾಕಿರುವುದರಿಂದ ಅಮೆರಿಕದಲ್ಲಿ ಸಕ್ಕರೆ ಅನೇಕ ವರ್ಷ ಜಾಗತಿಕ ದರದ ಸುಮಾರು ಇಮ್ಮಡಿಗೆ ಮಾರಾಟವಾಗಿದೆ. ಆದರೆ ಮಿನಿಸೋಟ, ನಾರ್ತ್ ಡಕೋಟ, ಮಿಷಿಗನ್ ಬೀಟ್ ಸಕ್ಕರೆಯ ರಾಜ್ಯಗಳು, ಫ್ಲಾರಿಡಾ, ಲೂಸಿಯಾನ ಕಬ್ಬಿನವು. ಎರಡೂ ಪಕ್ಷಗಳಿಗೆ ಅಲ್ಲಿ ಮತ ಬೇಕು. ದಿನಸಿ ದುಬಾರಿ ಎಂದು ಗುಡುಗುವ ಕರಪತ್ರಗಳಲ್ಲಿ ಸಕ್ಕರೆ ಕಾಣುವುದು ಅಪರೂಪ.

★ ಮೊಟ್ಟೆ? 2025ರ ಮಾರ್ಚ್‌ನಲ್ಲಿ ಡಜನ್‌ಗೆ ಸರಾಸರಿ 6.23 ಡಾಲರ್, ದಾಖಲೆ. ಕಾರಣ ಹಕ್ಕಿಜ್ವರ. ಕೋಳಿಗಳು ಚೇತರಿಸಿಕೊಂಡ ಮೇಲೆ ಬೆಲೆ ಇಳಿಯಿತು. ಯಶಸ್ಸು ತಮ್ಮದೆಂದ ರಾಜಕಾರಣಿಗಳಿಗೆ ಬರವಿರಲಿಲ್ಲ.

★ ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಅಮೆರಿಕದಲ್ಲಿ ಹೇಳಿಕೊಳ್ಳುವಂಥ ಕಾಫಿ ಬೆಳೆ ಇಲ್ಲ. ಆದರೂ 2025ರಲ್ಲಿ ಬ್ರೆಜಿಲ್, ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಬಿದ್ದಾಗ ಕಾಫಿಯೂ ಸಿಕ್ಕಿಬಿತ್ತು. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಸುಂಕ ಹಾಕುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್ಸಿಗೆ. 1934ರಿಂದ ಅದು ಸ್ವಲ್ಪ ಸ್ವಲ್ಪವಾಗಿ ಅಧ್ಯಕ್ಷರಿಗೆ ಬಿಟ್ಟುಕೊಡುತ್ತ ಬಂದಿದೆ. ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ, ರಿಪಬ್ಲಿಕನ್ ಡಾನ್ ಬೇಕನ್ ಸೇರಿ ಕಾಫಿಯನ್ನು ಸುಂಕದಿಂದ ಬಿಡಿಸುವ ಮಸೂದೆ ಮಂಡಿಸಿದರು. ಅದು ಪಾಸಾಗುವ ಮೊದಲೇ, ನವೆಂಬರಿನ ರಾಜ್ಯ ಚುನಾವಣೆಗಳಲ್ಲಿ ಬೆಲೆ ಏರಿಕೆಯ ಬಿಸಿ ತಟ್ಟಿದ ಮೇಲೆ, ಅಧ್ಯಕ್ಷ ಟ್ರಂಪ್ ಕಾಫಿ, ಬಾಳೆಹಣ್ಣು, ದನದ ಮಾಂಸಗಳಿಗೆ ವಿನಾಯಿತಿ ಘೋಷಿಸಿದರು.

★ ಅಲ್ಲಿನ ಕನ್ನಡಿಗರ ಅಡುಗೆಮನೆಗೆ ನೇರವಾಗಿ ಬಿಸಿ ತಟ್ಟಿದ್ದು 2023ರ ಜುಲೈನಲ್ಲಿ. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಭಾರತ ನಿಷೇಧಿಸಿತು. ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಗೆ ಸಾಲು, ಮನೆಗೊಂದೇ ಚೀಲ ಎಂಬ ಫಲಕ. ಇದಕ್ಕೆ ಯಾವ ಅಮೆರಿಕನ್ ಸಂಸದನಲ್ಲೂ ಮದ್ದಿರಲಿಲ್ಲ.

★ ಆ ಸಂಸದರಲ್ಲಿ ಕರ್ನಾಟಕದಲ್ಲಿ ಹುಟ್ಟಿದವರೂ ಒಬ್ಬರಿದ್ದರು. ಡೆಟ್ರಾಯಿಟ್ ಸೇರಿದ ಮಿಷಿಗನ್ನಿನ 13ನೇ ಕ್ಷೇತ್ರದಿಂದ 2022ರಲ್ಲಿ ಗೆದ್ದ ಶ್ರೀ ಠಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. 2024ರಲ್ಲಿ ಮರಳಿ ಗೆದ್ದರು.

★ ಬೆಲೆ ಇಳಿಸುವುದಕ್ಕಿಂತ ಜನರ ಕೈಗೆ ಹಣ ಕೊಡುವುದು ಕಾಂಗ್ರೆಸ್ಸಿಗೆ ಸುಲಭ. 2021ರಲ್ಲಿ ಮಕ್ಕಳ ತೆರಿಗೆ ರಿಯಾಯಿತಿಯನ್ನು ಒಂದು ವರ್ಷದ ಮಟ್ಟಿಗೆ ಏರಿಸಿ, ತೆರಿಗೆ ಕಟ್ಟದ ಬಡವರಿಗೂ ಸಿಗುವಂತೆ ಮಾಡಿದರು. ನೆರವುಗಳನ್ನೆಲ್ಲ ಸೇರಿಸಿ ಎಣಿಸುವ ಪೂರಕ ಅಳತೆಯ ಪ್ರಕಾರ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಮರುವರ್ಷ ಶೇ 12.4. ನಾನು ಓದಿದ ಅಂಕಿಗಳಲ್ಲಿ ಇಷ್ಟು ಖಡಾಖಂಡಿತವಾಗಿ ಮಾತಾಡಿದವು ಕಡಿಮೆ.

★ 2025ರ ಅಕ್ಟೋಬರ್ ತಿಂಗಳ ಬೆಲೆ ಸೂಚ್ಯಂಕ ಅಮೆರಿಕದಲ್ಲಿ ಪ್ರಕಟವಾಗಲೇ ಇಲ್ಲ. ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸುವ ಜಗಳದಲ್ಲಿ ಸರ್ಕಾರಿ ಕಚೇರಿಗಳು 43 ದಿನ ಬಾಗಿಲು ಹಾಕಿದ್ದವು, ಅಂಗಡಿಗಳಲ್ಲಿ ಬೆಲೆ ಬರೆದುಕೊಳ್ಳುವವರೂ ಮನೆಯಲ್ಲಿದ್ದರು. ವರ್ಷದ ಕೊನೆಗೆ ಆ ಸಬ್ಸಿಡಿಯೂ ಮುಗಿದುಹೋಯಿತು.

★ ಸಂಸದರು ತಮ್ಮ ಸಂಬಳ ಏರಿಸಿಕೊಂಡರೆ ಅದು ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕು ಎಂಬ ಸಂವಿಧಾನ ತಿದ್ದುಪಡಿಯನ್ನು ಮಂಡಿಸಿದ್ದು 1789ರಲ್ಲಿ, ಅದು ಊರ್ಜಿತವಾದದ್ದು 1992ರಲ್ಲಿ. ನಡುವೆ ಅದನ್ನು ಹೆಚ್ಚುಕಡಿಮೆ ಎಲ್ಲರೂ ಮರೆತಿದ್ದರು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ಇದನ್ನು ಈಗಲೂ ಅಂಗೀಕರಿಸಬಹುದು ಎಂದು ಪ್ರಬಂಧ ಬರೆದರೆ ಸಿಕ್ಕ ಗ್ರೇಡ್ ‘ಸಿ’. ಛಲ ಹಿಡಿದು ರಾಜ್ಯ ರಾಜ್ಯಗಳಿಗೆ ಪತ್ರ ಬರೆದು ಅಂಗೀಕಾರ ಮಾಡಿಸಿಬಿಟ್ಟರು. 2017ರಲ್ಲಿ ವಿಶ್ವವಿದ್ಯಾಲಯ ಗ್ರೇಡನ್ನು ‘ಎ’ ಎಂದು ತಿದ್ದಿತು.

★ ನಿಮ್ಮ ಮಗಳೋ ಅಳಿಯನೋ ಅಲ್ಲಿ ಮತದಾರರಾಗಿದ್ದರೆ ಒಂದು ಮಾತು ಹೇಳಿ. ನವೆಂಬರಿನ ಮೊದಲ ಸೋಮವಾರದ ಮರುದಿನ ಮತದಾನ. ಅದಕ್ಕೆ ಮೊದಲು ಹುರಿಯಾಳು ಮನೆ ಬಾಗಿಲಿಗೆ ಬಂದು ಇಷ್ಟು ಡಾಲರ್ ಕೊಡಿಸುತ್ತೇನೆ, ಅಷ್ಟಕ್ಕೆ ಮಿತಿ ಹಾಕಿಸುತ್ತೇನೆ ಎಂದರೆ, ‘ಆ ಅಂಕಿ ಬೆಲೆ ಏರಿದಂತೆ ತಾನಾಗಿ ಏರುತ್ತದೆಯೇ?’ ಎಂದು ಕೇಳಲಿ.